ತೊಪ್ಪಲಬೈಲಿನ ಸೀತು ಮಾತು ಕಲಿತದ್ದು

ಕಿರಿಮಂಜೇಶ್ವರದಲ್ಲಿ ಬಸ್ಸಿಳಿದು ಮೂಡು ದಿಕ್ಕಿಗೆ ಎರಡು ಮೈಲಿ ನಡೆದರೆ ತೊಪ್ಪಲಬೈಲು. ಗದ್ದೆಬಯಲು ಮುಗಿದು ಗೇರುಗುಡ್ಡ ಏರುವಲ್ಲಿ ಒಂಬತ್ತು ಮನೆಗಳ ಕೊರಗರ ಕೊಪ್ಪ. ಸೀತು ಅಲ್ಲಿಯವಳು. ಕಾಡುಬಳ್ಳಿ ತಂದು, ಸೀಳಿ, ಬುಟ್ಟಿ ನೇಯುವುದು ಅವಳ ಕೆಲಸ. ಮಾತು ಕಡಿಮೆ. ಮನೆಗೆ ಬಂದವರು ಹತ್ತು ಪ್ರಶ್ನೆ ಕೇಳಿದರೆ ಒಂದಕ್ಕೆ ತಲೆಯಾಡಿಸುತ್ತಿದ್ದಳು.

1997ರ ಬೇಸಿಗೆಯಲ್ಲಿ ಅವಳಿಗೆ ಇಪ್ಪತ್ತೆರಡು. ಊರಿನ ದೊಡ್ಡಮನೆಯಲ್ಲಿ ಮದುವೆ ನಿಶ್ಚಯವಾಗಿ, ಡೋಲು ಬಡಿಯಲು ಬರಬೇಕೆಂದು ಅವಳ ಅಣ್ಣ ನಾಗನಿಗೆ ಹೇಳಿಕಳಿಸಿದ್ದರು. ಹಿಂದಿನ ಮದುವೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಡಿದವನಿಗೆ, ಉಂಡೆದ್ದ ಎಲೆಗಳಲ್ಲಿ ಉಳಿದದ್ದನ್ನು ಬಳಿದು ಕೊಟ್ಟಿದ್ದರು. ಈ ಸಲ ತಾನು ಬರುವುದಿಲ್ಲವೆಂದು ನಾಗ ಹೇಳಿಕಳಿಸಿದ. ಬೇರೇನೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಜಿ ಉಣ್ಣುವ ಹೊತ್ತಿಗೆ ಐದು ಜನ ಬಂದರು. ದೊಡ್ಡಮನೆಯ ಒಡೆಯರು ಮುಂದೆ, ಅವರ ಮಗ ಉಮಾನಾಥ ಹಿಂದೆ, ಮತ್ತೆ ಮೂವರು ಆಳುಗಳು. ನಾಗನನ್ನು ಎಳೆದು ಗೇರುಮರಕ್ಕೆ ಕಟ್ಟಿದರು. ಮೊದಲು ನೀರಲ್ಲಿ ನೆನೆಸಿದ ಹಗ್ಗ. ಹಗ್ಗ ಸಾಲದಾದಾಗ ದೋಣಿಯ ಮುರಿದ ಹುಟ್ಟಿನ ಹಿಡಿ. ಒಡೆಯರು ಕೈ ಎತ್ತಲಿಲ್ಲ. ಎಲೆಯಡಿಕೆ ಜಗಿಯುತ್ತ ಎಲ್ಲೆಲ್ಲಿ ಬಡಿಯಬೇಕೆಂದು ಹೇಳುತ್ತಿದ್ದರು, ಗಾಣದೆತ್ತಿಗೆ ಹೇಳುವಷ್ಟೇ ಸಲೀಸಾಗಿ. ಉಮಾನಾಥನಿಗೆ ಆಗ ಇಪ್ಪತ್ತೈದಿರಬೇಕು. ಕೊನೆಯ ಹೊಡೆತ ಅವನದ್ದು. ಅದು ನಾಗನ ಎಡಗಿವಿಯ ಮೇಲೆ ಬಿತ್ತು. ಕಿವಿಯಿಂದ ರಕ್ತ ಇಳಿದು ಹೆಗಲು ದಾಟಿ ಮೊಣಕೈಯಲ್ಲಿ ತೊಟ್ಟಿಕ್ಕಿತು.

ಸೀತು ಹತ್ತು ಮಾರು ದೂರದಲ್ಲಿ ಅರ್ಧ ನೇಯ್ದ ಬುಟ್ಟಿ ಹಿಡಿದು ಕೂತವಳು ಹಾಗೆಯೇ ಕೂತಿದ್ದಳು. ಏಳಬೇಕು, ಕೂಗಬೇಕು ಎಂದು ಅವಳ ಮೈಯೆಲ್ಲ ಹೇಳುತ್ತಿತ್ತು. ಗಂಟಲು ಮಾತ್ರ ಕೇಳಲಿಲ್ಲ. ಅವರು ಹೋದ ಮೇಲೆ ನೋಡಿಕೊಂಡರೆ ಸೀಳಿದ ಬಳ್ಳಿ ಅಂಗೈಯೊಳಗೆ ಇಳಿದುಹೋಗಿತ್ತು.

ಕೊರಗರಿಂದ ಬಿಟ್ಟಿ ಡೋಲು ಬಡಿಸಿ ಎಂಜಲು ಉಣ್ಣಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು ಇನ್ನೂ ಮೂರು ವರ್ಷವಿತ್ತು. ಆದರೂ ಪಕ್ಕದ ಮನೆಯ ಅಮ್ಮಣ್ಣಿ ಬಿಡಲಿಲ್ಲ. ಆಗಲೇ ಐವತ್ತು ದಾಟಿದ್ದ ಹೆಂಗಸು. ನಾಗನನ್ನೂ ಸೀತುವನ್ನೂ ಕೈಹಿಡಿದು ಠಾಣೆಗೆ ಕರೆದುಕೊಂಡು ಹೋದಳು. ನಾಗ ಎಲ್ಲ ಹೇಳಿದ. ಕಂಡವರು ಯಾರು ಎಂದು ಕೇಳಿದಾಗ ಅಮ್ಮಣ್ಣಿ ಸೀತುವನ್ನು ಮುಂದೆ ತಳ್ಳಿದಳು. ಹೊಡೆಯುವ ಹೊತ್ತಿಗೆ ಅಮ್ಮಣ್ಣಿ ಗುಡ್ಡದಲ್ಲಿದ್ದಳು. ಸೀತು ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಮತ್ತೆ ಕೇಳಿದರು, ಮೂರನೇ ಸಲ ಕೇಳಿದರು. ಆಮೇಲೆ ಹೊರಗೆ ಕಳಿಸಿದರು. ಕೇಸು ಅಲ್ಲಿಗೇ ಮುಗಿಯಿತು. ನಾಗನ ಎಡಗಿವಿ ಪೂರಾ ಹೋಯಿತು. ಅವನು ತಂಗಿಯನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೆಂದು ಅವಳಿಗೆ ಎಷ್ಟೋ ವರ್ಷ ಅನಿಸುತ್ತಿತ್ತು.

ಈ ಮೌನವೇ ಅವಳನ್ನು ಪಂಚಾಯತಿ ಅಧ್ಯಕ್ಷೆ ಮಾಡಿತು. 2005ರ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡದ ಮಹಿಳೆಗೆ ಮೀಸಲಾಯಿತು. ಒಡೆಯರು ತೀರಿಕೊಂಡು ದೊಡ್ಡಮನೆ ಉಮಾನಾಥನ ಕೈಗೆ ಬಂದಿತ್ತು. ಅವನು ಉಪಾಧ್ಯಕ್ಷನಾಗುವವನು. ಕೊಪ್ಪದಲ್ಲಿ ಯಾರನ್ನು ನಿಲ್ಲಿಸುವುದೆಂದು ಯೋಚಿಸಿದಾಗ ಅವನಿಗೆ ಠಾಣೆಯಲ್ಲಿ ಬಾಯಿ ಬಾರದ ಹೆಣ್ಣಿನ ನೆನಪಾಯಿತು. ಸೀತು ಅವಿರೋಧವಾಗಿ ಗೆದ್ದಳು. ಅಧ್ಯಕ್ಷರ ಕುರ್ಚಿಯಲ್ಲಿ ಉಮಾನಾಥ ಕೂರುತ್ತಿದ್ದ. ಅವಳಿಗೆ ಬಾಗಿಲ ಬಳಿಯ ಬೆಂಚು. ಕಾರ್ಯದರ್ಶಿ ಬೆರಳಿಟ್ಟು ತೋರಿಸಿದಲ್ಲಿ ಅವಳು ಸಹಿ ಹಾಕುತ್ತಿದ್ದಳು. ಒಮ್ಮೆ ಎಂತದೆಂದು ಕೇಳಿದ್ದಕ್ಕೆ ಉಮಾನಾಥ ರಿಜಿಸ್ಟರನ್ನು ಅವಳ ಬೆರಳುಗಳ ಮೇಲೆಯೇ ಮುಚ್ಚಿ, ಮೇಲೆ ಮೊಣಕೈ ಊರಿ, ಉಳಿದವರೊಡನೆ ಹವಾಮಾನದ ಮಾತಾಡುತ್ತ ಕೂತ. ಅವಳು ಕೈ ಎಳೆಯಲಿಲ್ಲ.

ಮರುವರ್ಷ ಬ್ರಹ್ಮಾವರದಲ್ಲಿ ಒಂದು ತರಬೇತಿ ಶುರುವಾಯಿತು. ಕೊರಗರು, ದಲಿತರು, ಮೀನು ಮಾರುವ ಮನೆಗಳ ಹೆಂಗಸರು, ಹೀಗೆ ಮೀಸಲಾತಿಯಲ್ಲಿ ಗೆದ್ದು ಬೆಂಚಿನಲ್ಲಿ ಕೂತಿದ್ದ ಹದಿನಾಲ್ಕು ಜನ ಸದಸ್ಯರಿಗೆ. ಮೈಬಣ್ಣ ನೋಡಿಯೇ ಜಾತಿ ಹೇಳಿಬಿಡುವವರ ನಡುವೆ ಬೆಳೆದವರು ಎಲ್ಲರೂ. ಬಸ್‌ಸ್ಟ್ಯಾಂಡಿನ ಹಿಂದೆ ಮುಚ್ಚಿಹೋಗಿದ್ದ ಅಕ್ಕಿ ಮಿಲ್ಲಿನ ಗೋದಾಮು, ಪ್ರತಿ ಶನಿವಾರ. ಕಾಯಿದೆ ಪುಸ್ತಕ ಓದಿಸುತ್ತಾರೆಂದು ಸೀತು ಅಂದುಕೊಂಡಿದ್ದಳು. ಅಲ್ಲಿದ್ದದ್ದು ಎರಡು ಕುರ್ಚಿ ಮತ್ತು ಭೋಜರಾಜ.

ಭೋಜರಾಜ ಬೀಜಾಡಿಯ ಮೀನುಗಾರರ ಮನೆಯವನು. ಚಿಕ್ಕಂದಿನಲ್ಲೇ ಮುಂಬಯಿಗೆ ಹೋಗಿ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು, ಮಿಲ್ ಕಾರ್ಮಿಕರ ಬೀದಿನಾಟಕದಲ್ಲಿ ಇಪ್ಪತ್ತು ವರ್ಷ ಕಳೆದವನು. ಬರೆದಿಟ್ಟರೆ ಪೊಲೀಸರು ಹಿಡಿಯುತ್ತಾರೆಂದು ಅವರು ಏನನ್ನೂ ಬರೆಯುತ್ತಿರಲಿಲ್ಲ. ಎದುರಿಗೆ ನಿಂತವನ ಮುಖ ನೋಡಿ ಅಲ್ಲೇ ಹುಟ್ಟಿಸಿದ ಮಾತಿನಲ್ಲೇ ಆಟ. ಅದನ್ನೇ ಅವನು ಇವರಿಗೆ ಕಲಿಸಹೊರಟಿದ್ದ. ಜೊತೆಗೆ ವನಜ, ಮೀನು ಮಾರಿ ಗಂಟಲು ಕಬ್ಬಿಣ ಮಾಡಿಕೊಂಡ ಹೆಂಗಸು.

ಭೋಜರಾಜನ ಕಟ್ಟಳೆ ಒಂದೇ. "ಎದ್ರಿನವ ಎಂತ ಹೇಳ್ರೂ ಇಲ್ಲೆ ಅನ್ಬೇಡಿ. ಅವ ಕೊಟ್ಟದ್ದ್ ತಕಣಿ. ತಕಂಡ್ ಅದ್ಕೆ ನಿಮ್ದೊಂದ್ ಸೇರ್ಸಿ ವಾಪಾಸ್ ಕೊಡಿ. ಅವ ಕಲ್ಲ್ ಕೊಟ್ರೆ ಕಲ್ಲ್ ತಕಣಿ, ಒಲೆ ಹೂಡಿ."

ಮೊದಲೆರಡು ಶನಿವಾರ ಸೀತು ಗೋಡೆಗೆ ಒರಗಿ ನಿಂತಳು. ಉಳಿದವರು ಕುರ್ಚಿಯಲ್ಲಿ ಕೂತವನನ್ನು ಮಾತಿನಿಂದಲೇ ಎಬ್ಬಿಸುವ ಆಟ ಆಡಿ ನಗುತ್ತಿದ್ದರು. ಮೂರನೇ ಶನಿವಾರ ಭೋಜರಾಜ ಅವಳನ್ನು ಕರೆದು, ಬೇರೆಯವರ ಪಾತ್ರ ಮಾಡು ಎಂದ. ಯಾರದ್ದು ಎಂದು ಕೇಳಿದಾಗ ಅವಳು ನೆಲ ನೋಡುತ್ತ ಒಡೆಯರದ್ದು ಎಂದಳು. ನಾಗನ ಕತೆ ಅಷ್ಟರಲ್ಲಿ ಭೋಜರಾಜನ ಕಿವಿಗೂ ಬಿದ್ದಿತ್ತು. ಹಾಗಾದರೆ ಕಂಬಕ್ಕೆ ಕಟ್ಟಿಸಿಕೊಂಡವನು ನಾನು ಎಂದು ಅವನು ಕಂಬಕ್ಕೆ ಬೆನ್ನುಕೊಟ್ಟು, ಕೈ ಹಿಂದಕ್ಕೆ ಹಿಡಿದು ನಿಂತ.

ಆಮೇಲೆ ಸೀತುವಿನ ದವಡೆ ಎಲೆಯಡಿಕೆ ಜಗಿಯುವಂತೆ ಆಡತೊಡಗಿತು. ಹೊಟ್ಟೆ ಮುಂದೆ ಬಂತು. ಗಂಟಲಿನಿಂದ ಒಡೆಯರ ಧ್ವನಿಯೇ ಹೊರಟಿತು, ಅದೇ ನಿಧಾನ, ಅದೇ ಸಲೀಸು. ಹದಿಮೂರು ಜನ ಬಿದ್ದುಬಿದ್ದು ನಕ್ಕರು. ಭೋಜರಾಜ ಕಂಬದಿಂದಲೇ ಹೇಳಿದ: "ಡೋಲ್ ಬಡುಕೆ ಬತ್ತಿಲ್ಲೆ ಒಡಿಯರೆ. ನಿಮ್ಗೆ ಬೇಕಾರೆ ನೀವೇ ಬಡ್ಕಣಿ."

ಕಿಟಕಿ ಎತ್ತಿ ಮುಚ್ಚುವ ದೊಣ್ಣೆಯೊಂದು ಗೋಡೆಗೆ ಒರಗಿತ್ತು. ಅದು ತನ್ನ ಕೈಗೆ ಬಂದದ್ದು ಸೀತುವಿಗೆ ಗೊತ್ತಾಗಲಿಲ್ಲ. ಮೊದಲ ಏಟು ಅವನ ತೊಡೆಗೆ ಬಿದ್ದಾಗಲೂ ಜನ ನಗುತ್ತಿದ್ದರು. ಎರಡನೆಯದಕ್ಕೆ ನಗು ನಿಂತಿತು. ಮೂರನೆಯದು ಬಾಯಿಗೆ ಬಿತ್ತು. ತುಟಿ ಹರಿದು ಎರಡು ಹಲ್ಲು ಸಿಮೆಂಟು ನೆಲದ ಮೇಲೆ ಉರುಳಿದವು. ವನಜ ಹಿಂದಿನಿಂದ ತಬ್ಬಿ ಹಿಡಿದರೆ ಸೀತು ಅವಳ ಮಣಿಕಟ್ಟು ಕಚ್ಚಿದಳು. ಬಾಯಿತುಂಬ ಉಪ್ಪು ರಕ್ತ ಬಂದಾಗ ಮಾತ್ರ ಅವಳಿಗೆ ತಾನೆಲ್ಲಿದ್ದೇನೆ ಎಂದು ತಿಳಿದದ್ದು. ಕುಸಿದು ಕೂತಳು. ಅವಳನ್ನು ಹೆದರಿಸಿದ್ದು ರಕ್ತವಲ್ಲ. ಹೊಡೆಯುವಾಗ ತನ್ನ ಮೈಗೆ ಆದ ಸುಖ.

ತರಬೇತಿ ನಡೆಸುವ ಸಂಸ್ಥೆಯವರು ಅವಳನ್ನು ಬಿಟ್ಟುಬಿಡಿ ಎಂದರಂತೆ. ಮುಂದಿನ ಶನಿವಾರ ಸೀತು ಹೋಗಿರಲಿಲ್ಲ. ವನಜ ಕೈಗೆ ಬಟ್ಟೆ ಸುತ್ತಿಕೊಂಡು ಕೊಪ್ಪಕ್ಕೇ ಬಂದು ಬಸ್ಸು ಹತ್ತಿಸಿದಳು. ಭೋಜರಾಜನ ತುಟಿಗೆ ಆರು ಹೊಲಿಗೆ. ಮಾತು ಸೋರುತ್ತಿತ್ತು. ಅವನು ಕೇಳಿದ್ದು ಒಂದೇ: "ಸೀತಕ್ಕ, ನಿಮ್ ಮಾತ್ ಎಲ್ಲಿ ನಿಂತ್ತ್?"

ಅವಳು ಗೋಡೆಗೆ ಒರಗಿದ್ದ ದೊಣ್ಣೆಯತ್ತ ನೋಡಿದಳು. "ನೀವ್ ಬತ್ತಿಲ್ಲೆ ಅಂದ್ರಿ. ಅದ್ಕೆ ಎಂತ ಹೇಳುದ್ ಅಂದೇಳಿ ಗೊತ್ತಾಯ್ಲಿಲ್ಲೆ. ಅಷ್ಟೊತ್ತಿಗೆ ಕೋಲ್ ಕೈಯಂಗಿತ್ತ್."

"ಸಾಕ್," ಎಂದ ಭೋಜರಾಜ. "ಒಡಿಯರ ಮಾತೂ ಅಲ್ಲೇ ನಿಂತದ್ದ್."

ಮುಂದಿನ ನಾಲ್ಕು ತಿಂಗಳು ಅವಳಿಗೆ ಅದೊಂದೇ ಪಾಠ. ದೊಣ್ಣೆಯನ್ನು ನಡುವೆ ಇಡುತ್ತಿದ್ದರು. ಒಮ್ಮೆ ಅವಳು ಒಡೆಯ, ಒಮ್ಮೆ ನಾಗ, ಒಮ್ಮೆ ಠಾಣೆಯ ಸಾಹೇಬ. ಎದುರಿಗಿನವರು ಅವಳ ತಾಯಿಯನ್ನೂ ಜಾತಿಯನ್ನೂ ಎತ್ತಿ ಬಯ್ಯುತ್ತಿದ್ದರು, ಮುಖಕ್ಕೆ ಉಗುಳುವಷ್ಟು ಹತ್ತಿರ ಬರುತ್ತಿದ್ದರು. ದೊಣ್ಣೆ ಮುಟ್ಟದೆ, ಓಡದೆ, ಸುಮ್ಮನಾಗದೆ ಮಾತು ಮುಂದುವರಿಸಬೇಕು. ಮೊದಲು ಅರ್ಧ ನಿಮಿಷಕ್ಕೇ ಬೆವರಿಳಿಯುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳನ್ನು ಯಾರೂ ನಿಲ್ಲಿಸಲಾರದೆ ಹೋದರು. ನಾಗನಿಗೆ ಇದೆಲ್ಲ ಸೇರಲಿಲ್ಲ. ಇಷ್ಟು ವಯಸ್ಸಾಗಿ ಆಟ ಆಡಲು ಹೋಗುತ್ತಾಳೆಂದು ಗೊಣಗುತ್ತಿದ್ದ.

ಅಕ್ಟೋಬರಿನ ಸಭೆಗೆ ಅವಳು ಅರ್ಧ ಗಂಟೆ ಮೊದಲೇ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು. ಉಮಾನಾಥ ಬಂದವನು ಬಾಗಿಲಲ್ಲೇ ನಿಂತ. ಸದಸ್ಯರೆಲ್ಲ ನೋಡುತ್ತಿದ್ದರು.

"ಎಂತ ಸೀತು, ಫ್ಯಾನಿನ ಅಡಿಯಂಗೆ ತಂಪಾತ್ತಾ?"

"ಹೌದ್ ಉಮಾನಾಥಯ್ಯ, ಲಾಯ್ಕ್ ತಂಪಿತ್ತ್. ಒಂದ್ ವರ್ಷ ಒಬ್ರೇ ಈ ಗಾಳಿ ತಡ್ಕಂಡ್ ಶೀತ ಆಯಿತ್ತೋ ಏನೋ ನಿಮ್ಗೆ. ಬನಿ, ಬೆಚ್ಚಗೆ ಈ ಬದಿಯಂಗೆ ಕೂಕಣಿ."

ಯಾರೋ ಕೆಮ್ಮಿದರು, ಅದು ನಗುವೆಂದು ಎಲ್ಲರಿಗೂ ಗೊತ್ತಾಯಿತು. ಉಮಾನಾಥ ಬಾಗಿಲ ಬಳಿಯ ಬೆಂಚನ್ನು ಒದ್ದ. ಅದು ಗೋಡೆಗೆ ಬಡಿದು ಕಾಲು ಮುರಿದು ಬಿತ್ತು. ಸೀತು ಕಾರ್ಯದರ್ಶಿಗೆ ಬೆಂಚು ಮುರಿದದ್ದನ್ನೂ ಬರೆದುಕೊಳ್ಳಲು ಹೇಳಿ ಮೊದಲ ವಿಷಯ ಎತ್ತಿದಳು. ಕೊಪ್ಪಕ್ಕೆ ನೀರಿನ ಪೈಪು. ಊರಿಗೆಲ್ಲ ನಲ್ಲಿ ಬಂದು ಎಂಟು ವರ್ಷವಾಗಿದ್ದರೂ ಕೊಪ್ಪದ ಹೆಂಗಸರು ಬೈಲಿನ ಕೊನೆಯ ಹಾಳುಬಾವಿಗೆ ಹೋಗುತ್ತಿದ್ದರು. ಪೈಪು ದೊಡ್ಡಮನೆಯ ತೋಟದ ಬೇಲಿಗೆ ತಾಗಿದ ಪಂಚಾಯತಿ ರಸ್ತೆಯಲ್ಲಿ ಹೋಗಬೇಕು. ಅಂದು ಏಳು ಕೈ ಮೇಲೆದ್ದವು, ನಾಲ್ಕು ಕೆಳಗುಳಿದವು.

ಕೆಲಸ ಶುರುವಾದದ್ದು ಜನವರಿಯಲ್ಲಿ, ಸೋಮವಾರ. ಕೊಪ್ಪದವರೇ ಅಗೆಯುತ್ತಿದ್ದರು. ಬೆಳಗ್ಗೆ ಹತ್ತರ ಹೊತ್ತಿಗೆ ತೋಟದ ಬೇಲಿಯ ದಣಪೆ ದಾಟಿ ಏಳು ಜನ ಬಂದರು. ಮುಂದೆ ಉಮಾನಾಥನ ಸೋದರಳಿಯ ಜಿತೇಂದ್ರ, ಇಪ್ಪತ್ತರ ಹುಡುಗ, ಕೈಯಲ್ಲಿ ತೆಂಗಿನಕಾಯಿ ಕೊಯ್ಯುವ ಕತ್ತಿ. ಉಮಾನಾಥ ಬೇಲಿಯಾಚೆ ನಿಂತಿದ್ದ. ಮಾತಿಗೆ ಜಾಗವೇ ಇರಲಿಲ್ಲ. ಬಂದವರು ನೇರ ಹೊಡೆಯತೊಡಗಿದರು. ಅಮ್ಮಣ್ಣಿಯ ತಲೆ ದೊಣ್ಣೆಯ ಒಂದೇ ಏಟಿಗೆ ಸೀಳಿ, ನರೆಗೂದಲೆಲ್ಲ ಕೆಂಪಾಗಿ, ಅವಳು ಮಣ್ಣಿನ ಗುಪ್ಪೆಯ ಮೇಲೆ ಕೂತುಬಿಟ್ಟಳು. ಮತ್ತೊಬ್ಬ, ನೆಲಕ್ಕೆ ಬಿದ್ದ ಇನ್ನೊಬ್ಬ ಹೆಂಗಸಿನ ಹೊಟ್ಟೆಗೆ ತುಳಿಯುತ್ತಿದ್ದ. ಸೀತು ಅವನನ್ನು ಎಳೆಯಲು ಓಡಿದಳು. ಅಷ್ಟರಲ್ಲಿ ಜಿತೇಂದ್ರನ ಕತ್ತಿ ಅವಳ ತಲೆಯತ್ತ ಬೀಸಿ ಬಂತು. ಅವಳು ಎಡಗೈ ಅಡ್ಡ ಒಡ್ಡಿದಳು. ನೋವಾಗಲಿಲ್ಲ. ಕಿರುಬೆರಳೂ ಉಂಗುರದ ಬೆರಳೂ ಕೈಯಲ್ಲಿಲ್ಲ ಎಂದು ಕಂಡಿತು, ಅಷ್ಟೆ.

ಅದನ್ನು ನಾಗನೂ ಕಂಡ.

ಅವನ ಕೈಯಲ್ಲಿ ಹಾರೆಯಿತ್ತು. ಹತ್ತು ವರ್ಷ ಒಳಗಿಟ್ಟುಕೊಂಡದ್ದೆಲ್ಲ ಆ ಕಬ್ಬಿಣಕ್ಕೆ ಬಂತು. ಅಡ್ಡ ಬಂದವನ ಮೊಣಕಾಲಿಗೆ ಬೀಸಿದ; ಹಸಿ ಬಿದಿರು ಸೀಳಿದ ಸದ್ದಾಯಿತು, ಚರ್ಮದಾಚೆ ಬಿಳಿ ಎಲುಬು ಕಂಡಿತು. ಆ ಕೂಗಿಗೆ ಉಳಿದವರು ಹಿಂದೆ ಸರಿದರು. ಜಿತೇಂದ್ರ ಹಿಂದೆ ಸರಿಯುತ್ತ ಅಗೆದಿಟ್ಟ ಚರಂಡಿಗೆ ಬೆನ್ನಡಿಯಾಗಿ ಬಿದ್ದ, ಕತ್ತಿ ದೂರ ಹಾರಿತು. ನಾಗ ಚರಂಡಿಯ ಅಂಚಿನಲ್ಲಿ ಕಾಲಗಲಿಸಿ ನಿಂತು, ಹಾರೆಯ ಚೂಪನ್ನು ಕೆಳಮುಖ ಮಾಡಿ ಎರಡು ಕೈಯಲ್ಲಿ ಎತ್ತಿ ಹಿಡಿದ. ಹುಡುಗನ ಎದೆ ಅದರ ನೇರ ಕೆಳಗೆ.

ಸೀತು ನಾಗನ ಎಡಕ್ಕಿದ್ದಳು. ಕೂಗಿದರೆ ಅವನಿಗೆ ಕೇಳದು. ಕೇಳಿದರೂ ಬೇಡ ಎನ್ನುವ ಮಾತು ಅವನ ಮೈಗೆ ಹೊಗದು ಎಂದು ಅವಳಿಗೆ ಗೊತ್ತಿತ್ತು. ತನ್ನ ಕೈಗೆ ದೊಣ್ಣೆ ಬಂದ ದಿನ ಅವಳೂ ಹಾಗೆಯೇ ಇದ್ದಳು. ಹುಡುಗ ಸತ್ತರೆ ಸಂಜೆಯೊಳಗೆ ಒಂಬತ್ತು ಮನೆಗಳಿಗೆ ಬೆಂಕಿ ಬೀಳುತ್ತದೆ ಎಂಬುದೂ ಗೊತ್ತಿತ್ತು. ಅವಳು ಚರಂಡಿಗೆ ಹಾರಿದಳು. ಹುಡುಗನ ಎದೆಗೂ ಹಾರೆಗೂ ನಡುವೆ ತನ್ನ ಮೈ ತಂದು, ಅಣ್ಣನ ಬಲಗಿವಿಯ ಕಡೆಗೆ ಮುಖ ಎತ್ತಿ, ಮನೆಯಂಗಳದಲ್ಲಿ ಮಾತಾಡುವ ಧ್ವನಿಯಲ್ಲಿ ಹೇಳಿದಳು:

"ಅಣ್ಣ, ಇವ ಪೈಪಿನ ಕೆಲ್ಸಕ್ಕೆ ಬಂದವ. ಅಗುಕೆ ಹಾರಿ ಇಲ್ಲೆ ಇವ್ನ ಹತ್ರ. ನಿನ್ ಹಾರಿ ಕೊಡ್ ಇವ್ನಿಗೆ."

ನಾಗನ ಕಣ್ಣು ಅವಳ ಮೇಲೆ ನಿಂತಿತು. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಹಾರೆ ಒಂದು ಕ್ಷಣ ನಿಂತಿತು. ಅವಳು ನಿಲ್ಲಿಸಲಿಲ್ಲ. ಕೈಯಿಂದ ರಕ್ತ ಹುಡುಗನ ಅಂಗಿಯ ಮೇಲೆ ಹನಿಯುತ್ತಿತ್ತು.

"ಇಲ್ಲಿಂದ ಕೊಪ್ಪಕ್ಕೆ ಇನ್ನೂ ನೂರ್ ಮಾರಿತ್ತ್. ನಾವೆಲ್ಲ ಸುಸ್ತಾಯ್ತ್ ಅಣ್ಣ. ಇವ ಅಗಿಲಿ. ಅಗಿತ್ಯಲೆ ಜಿತೇಂದ್ರ?"

ಕೆಳಗಿನಿಂದ ಹುಡುಗ ಅವಳು ಕೊಟ್ಟದ್ದನ್ನು ತೆಗೆದುಕೊಂಡ. "ಅಗಿತೆ," ಎಂದ. "ನಾನ್ ಅಗಿತೆ, ನಾಗಣ್ಣ." ಬರಿಗೈಯಲ್ಲಿ ಪಕ್ಕದ ಮಣ್ಣು ಕೆರೆಯತೊಡಗಿದ. ನಾಯಿ ಕೆರೆದಂತೆ ಕೆರೆದ. ಉಗುರೊಳಗೆ ಜಂಬುಕಲ್ಲಿನ ಚೂರು ಹೊಕ್ಕು ರಕ್ತ ಬಂದರೂ ನಿಲ್ಲಿಸಲಿಲ್ಲ. ನಾಗ ಹಾರೆಯನ್ನು ಇಳಿಸಿದ್ದೂ ಅಲ್ಲ, ಬಿಟ್ಟದ್ದೂ ಅಲ್ಲ. ಅದು ಅವನ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಸೀತು ಅದರ ಮೇಲೆ ಕಾಲಿಟ್ಟು ನಿಂತಳು, ಪೊಲೀಸ್ ಜೀಪು ಬರುವವರೆಗೂ. ಬಂದ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದಳು.

ಕುಂದಾಪುರದ ನ್ಯಾಯಾಲಯದಲ್ಲಿ ಕೇಸು ವಿಚಾರಣೆಗೆ ಬರಲು ಎರಡು ವರ್ಷ ಹಿಡಿಯಿತು. ಎದುರಿನ ವಕೀಲರು ಬ್ರಹ್ಮಾವರದ ಶನಿವಾರಗಳ ವಿಷಯ ತಿಳಿದುಕೊಂಡು ಬಂದಿದ್ದರು. ನೀವು ನಾಟಕ ಕಲಿತವರಲ್ಲವೇ ಎಂದು ಕೇಳಿದರು. ಹೌದೆಂದಳು. ಹಾಗಾದರೆ ಇವತ್ತು ಇಲ್ಲಿ ಹೇಳುತ್ತಿರುವುದೂ ಕಲಿತ ನಾಟಕವೇ ಎಂದರು.

"ಕಲ್ತದ್ದೇ ಸ್ವಾಮಿ," ಎಂದು ಸೀತು ಎಡಗೈಯನ್ನು ಕಟಕಟೆಯ ಮೇಲಿಟ್ಟಳು. "ನಿಮ್ಮಂಥವ್ರ ಎದ್ರಿಗೆ ನಿಂತ್ಕಂಡ್ ಮಾತಾಡುಕೆ ಕಲ್ತೆ. ಈ ಬೆರಳ್ ಹ್ಯಾಂಗೆ ಹೋಯ್ತ್ ಅಂದೇಳಿ ಮಾತ್ರ ಕಲಿಬೇಕಾಯ್ಲಿಲ್ಲೆ."

ಅವಳು ಎರಡು ತಾಸು ನಿಂತು, ಒಬ್ಬೊಬ್ಬರ ಹೆಸರು ಹಿಡಿದು, ಯಾರ ಕೈಯಲ್ಲಿ ಏನಿತ್ತೆಂದು ಹೇಳಿದಳು. ಅಣ್ಣನ ಕೈಯಲ್ಲಿ ಏನಿತ್ತೆಂದು ಕೇಳಿದಾಗ ಅದನ್ನೂ ಹೇಳಿದಳು. ಜಿತೇಂದ್ರನಿಗೂ ಮತ್ತಿಬ್ಬರಿಗೂ ಮೂರು ವರ್ಷ ಶಿಕ್ಷೆಯಾಯಿತು. ಬೇಲಿಯಾಚೆ ನಿಂತಿದ್ದ ಉಮಾನಾಥನ ಮೇಲೆ ಏನೂ ರುಜುವಾತಾಗಲಿಲ್ಲ. ಮೊಣಕಾಲು ಮುರಿದದ್ದಕ್ಕೆ ನಾಗನಿಗೆ ಒಂದು ವರ್ಷ.

ನಾಗ ಜೈಲಿನಿಂದ ಬಂದವನು ತಂಗಿಯೊಡನೆ ಮಾತು ಬಿಟ್ಟ. ಠಾಣೆಯಲ್ಲಿ ಸುಮ್ಮನಿದ್ದವಳನ್ನು ಬೈಯದಿದ್ದವನು, ಕೋರ್ಟಿನಲ್ಲಿ ಮಾತಾಡಿದವಳನ್ನು ಕ್ಷಮಿಸಲಿಲ್ಲ. ಕೊಪ್ಪಕ್ಕೆ ನೀರು ಬಂದಿತ್ತು. ಅವನ ಮನೆಯ ಮುಂದೆಯೇ ನಲ್ಲಿ. ಅವನು ಕೊಡ ಹಿಡಿದು ಅದನ್ನು ದಾಟಿ ಹಾಳುಬಾವಿಗೇ ನಡೆಯುತ್ತಿದ್ದ. ಅಮ್ಮಣ್ಣಿ, ತಲೆಯ ಸೀಳು ಬೈತಲೆಯ ಹಾಗೆ ಉಳಿದುಕೊಂಡವಳು, ಅವನ ದಾರಿಗೆ ಅಡ್ಡ ನಿಂತು ಎಷ್ಟೋ ಬಯ್ದಳು. ಸೀತು ಬಯ್ಯಲಿಲ್ಲ. ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಅವನ ಹಂಡೆ ತುಂಬಿಸಿ ಬರುತ್ತಿದ್ದಳು. ಅವನು ಅದನ್ನು ಚೆಲ್ಲುತ್ತಿರಲಿಲ್ಲ.

2010ರಲ್ಲಿ ಮೀಸಲಾತಿ ಬದಲಾಯಿತು. ಸೀತು ಸಾಮಾನ್ಯ ಸ್ಥಾನಕ್ಕೆ ನಿಂತು ನಲವತ್ತೊಂದು ಮತಗಳಿಂದ ಸೋತಳು. ಉಮಾನಾಥ ಗೆದ್ದು ಅಧ್ಯಕ್ಷನಾದ. ಅವನ ಮೊದಲ ಗ್ರಾಮಸಭೆಯಲ್ಲಿ ಅವಳು ಜನರ ನಡುವೆ ಎದ್ದು ನಿಂತು ಪ್ರಶ್ನೆ ಕೇಳಿದಾಗ ಅವನು "ಹೇಳಿ ಸೀತಕ್ಕ" ಎಂದದ್ದನ್ನು ಕೇಳಿ ಕೊಪ್ಪದವರು ಒಬ್ಬರ ಮುಖ ಒಬ್ಬರು ನೋಡಿದರು. ಅದು ಮರ್ಯಾದೆಯೋ ಹೆದರಿಕೆಯೋ ಎಂದು ತಿಳಿಯುವ ಗೋಜಿಗೆ ಸೀತು ಹೋಗಲಿಲ್ಲ. ಪ್ರಶ್ನೆ ಮುಗಿಸಿದಳು.

ಭೋಜರಾಜನಿಗೆ ಸಕ್ಕರೆ ಕಾಯಿಲೆ ಹೆಚ್ಚಿ ಕಾಲು ತೆಗೆಯಬೇಕಾಗಿ ಬಂದ ಮೇಲೆ ಶನಿವಾರಗಳು ಸೀತುವಿನ ಪಾಲಿಗೆ ಬಂದವು. ಗೋದಾಮು ಕೆಡವಿ ಅಲ್ಲಿ ಅಂಗಡಿಸಾಲು ಎದ್ದಿತ್ತು; ಬೀಜಾಡಿಯಲ್ಲಿ ಬಲೆ ಹರಡುವ ಒಂದು ಚಪ್ಪರದಡಿ ಪಾಠ ನಡೆಯುತ್ತಿತ್ತು. 2013ರಲ್ಲಿ ಬೈಂದೂರು ಕಡೆಯಿಂದ ಉಪಚುನಾವಣೆಯಲ್ಲಿ ಗೆದ್ದ ಪ್ರಣೀತಾ ಎಂಬ ಹೊಸ ಸದಸ್ಯೆ ಬಂದಳು, ದಲಿತರ ಹುಡುಗಿ, ಇಪ್ಪತ್ಮೂರು ವರ್ಷ. ಹಿಂದಿನ ವಾರ ಸಭೆಯಲ್ಲಿ ಅವಳ ಜಡೆ ಹಿಡಿದು ಮೆಟ್ಟಿಲಿಂದ ಇಳಿಸಿದ್ದರು. ಕೆನ್ನೆಯ ಒಂದು ಬದಿ ಇನ್ನೂ ತರಚಿತ್ತು. ಯಾವ ಪಾತ್ರಕ್ಕೂ ಅವಳು ಒಪ್ಪಲಿಲ್ಲ. ಆಡುವುದಿಲ್ಲ, ಬರಿದೆ ನೋಡುತ್ತೇನೆ ಎಂದಳು.

"ಕಾಣ್ ಮಗಾ," ಎಂದಳು ಸೀತು. "ಕಾಂಬುದೂ ಕೆಲ್ಸವೇ."

ಎರಡು ಶನಿವಾರ ಹುಡುಗಿ ಚಪ್ಪರದ ಕಂಬಕ್ಕೆ ಒರಗಿ ನೋಡಿದಳು. ಮೂರನೆಯದರಲ್ಲಿ, ಯಾರೂ ಕರೆಯದಿದ್ದರೂ, ಎದ್ದು ಬಂದು ಖಾಲಿ ಕುರ್ಚಿಯಲ್ಲಿ ಕೂತು ಸೀರೆಯ ಸೆರಗು ಸರಿಮಾಡಿಕೊಂಡಳು. ವನಜ ಅವಳ ಎದುರು ನಿಂತು, ಮೀನುಪೇಟೆಯ ತನ್ನ ಧ್ವನಿಯನ್ನೆಲ್ಲ ಸುರಿದು, ಏಳೇ ಅಲ್ಲಿಂದ ಎಂದು ಗದರಿದಳು. ಹುಡುಗಿ ಎದ್ದೇಳಲಿಲ್ಲ, ಮಾತು ಶುರುಮಾಡಿದಳು.